ಮೂಲಮುಖ

ಫೋಟೋದಲ್ಲಿ ಇಂಪನಾ ನಗುತ್ತಿದ್ದಳು. ಅದನ್ನು ಕಂಡು ಮಧುಮತಿ ಹಂಪಿಹೊಳಿಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು.

ಇಂಪನಾ ಕ್ಯಾಮೆರಾದ ಮುಂದೆ ನಗುವ ಹುಡುಗಿಯೇ ಆಗಿರಲಿಲ್ಲ. ಅವಳಿಗಳಲ್ಲಿ ಮೊದಲು ಹುಟ್ಟಿದ ಇಂಚರಾ ಹಲ್ಲೆಲ್ಲ ತೋರಿಸಿ ನಿಂತರೆ, ಇವಳು ಗಲ್ಲ ಉಬ್ಬಿಸಿ, ಹುಬ್ಬು ಗಂಟು ಹಾಕಿಕೊಂಡು ಫೋಟೋ ತೆಗೆಯುವವರನ್ನು ದುರುಗುಟ್ಟಿ ನೋಡುತ್ತಿದ್ದಳು. ಒಂಬತ್ತನೇ ವಯಸ್ಸಿನಲ್ಲಿ ಡೆಂಗಿ ಜ್ವರಕ್ಕೆ ಸಿಕ್ಕು ತೀರಿಕೊಂಡಾಗ, ಹಾರ ಹಾಕಲಿಕ್ಕಾದರೂ ಒಂದು ನಗುವ ಫೋಟೋ ಇಲ್ಲವಲ್ಲ ಎಂದು ಅವಳ ಅಜ್ಜಿ ಅತ್ತಿದ್ದಳು. ಅದಾಗಿ ಹದಿನೈದು ವರ್ಷ.

ಧಾರವಾಡದ ಆ ಮನೆಯಲ್ಲಿ ಈಗ ಇಂಚರಾಳ ಮದುವೆಯ ತಯಾರಿ ನಡೆದಿತ್ತು. ಮಗಳಿಗೆ ಕೊಡಲೆಂದು ಮಧುಮತಿ ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಮಾಡುತ್ತಿದ್ದಳು. ಅದು ಅವಳ ಕೈಗೆ ಹತ್ತಿದ ಕೆಲಸ. ಕಸೂತಿಯ ಗೋಪುರ, ಆನೆ, ನವಿಲು, ತುಳಸಿ ಕಟ್ಟೆಗಳನ್ನು ಕಂಪ್ಯೂಟರಿನಲ್ಲಿ ಎಳೆಯೆಳೆಯಾಗಿ ಬರೆದು ಅಂಚು, ಚೌಕಟ್ಟು, ಪುಟಗಳ ಹಿನ್ನೆಲೆ ಮಾಡಿ, ಎಲ್ಲವನ್ನೂ ಒಂದು ಕಿಟ್ ಎಂದು ಕಟ್ಟಿ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಇಡುತ್ತಿದ್ದಳು. ಊರೂರಿನ ಹೆಂಗಸರು ಅದನ್ನು ಇಳಿಸಿಕೊಂಡು ತಮ್ಮ ತಮ್ಮ ಮಕ್ಕಳ ಫೋಟೋ ಕೂಡಿಸಿ ಆಲ್ಬಮ್ ಮಾಡಿಕೊಳ್ಳುತ್ತಿದ್ದರು. ಕಿಟ್ ಹೇಗೆ ಬಳಸಬೇಕೆಂದು ತೋರಿಸುವ ಮಾದರಿ ಪುಟಗಳಲ್ಲಿ ಆಗೆಲ್ಲ ಅವಳ ಅವಳಿಗಳದ್ದೇ ಫೋಟೋಗಳು ಇರುತ್ತಿದ್ದವು.

"ರೀ, ಇಲ್ಲೆ ನೋಡ್ರಿ," ಎಂದು ಅವಳು ಗಂಡನನ್ನು ಕರೆದಳು. "ಈಕಿ ನಗಾಕತ್ತಾಳ."

ವಿದ್ಯುತ್ ಇಲಾಖೆಯಿಂದ ನಿವೃತ್ತನಾಗಿದ್ದ ಮಲ್ಲಿನಾಥ ಕನ್ನಡಕ ಏರಿಸಿ ನೋಡಿದ. "ಹಳೇ ಫೋಟೋ. ಚಿರಪಟದವರು ಸುಧಾರಿಸಿರಬೇಕು. ಛಲೋನ ಕಾಣಸ್ತೈತಲ್ಲ?"

"ಆಕಿ ನಕ್ಕಿರಲಿಲ್ರೀ."

"ಯಾವಾಗರ ಒಮ್ಮೆ ನಕ್ಕಿರಬೇಕು ಬಿಡ," ಎಂದು ಅವನು ಲಗ್ನಪತ್ರಿಕೆಯ ಕಡೆಗೆ ತಿರುಗಿದ.

ಚಿರಪಟವಿಲ್ಲದ ಮನೆ ಆಗ ಇರಲಿಲ್ಲ. ಫೋಟೋ ಇಡುವ ದೊಡ್ಡ ದೊಡ್ಡ ಕೇಂದ್ರಗಳಿಗೆ ನೀರು, ವಿದ್ಯುತ್ತು ಸಾಲದೆ ಒಂದೊಂದಾಗಿ ಬಾಗಿಲು ಹಾಕಿ, ಕೋಟ್ಯಂತರ ಜನರ ಫೋಟೋಗಳು ಹೋದ ಮೇಲೆ ಬಂದ ಸಂಸ್ಥೆ ಅದು. ಅದರ ಉಪಾಯ ಸರಳವಾಗಿತ್ತು. ಇಡೀ ಫೋಟೋವನ್ನು ಇಡುವುದೇ ಬೇಡ. ಒಬ್ಬೊಬ್ಬ ಮನುಷ್ಯನಿಗೆ ಒಂದು ಮೂಲಮುಖ ಇಟ್ಟರೆ ಸಾಕು. ಪ್ರತಿ ಫೋಟೋಕ್ಕೆ ಅವನು ಎಲ್ಲಿ ನಿಂತಿದ್ದ, ಯಾವ ಕಡೆ ತಿರುಗಿದ್ದ, ಬೆಳಕು ಹೇಗಿತ್ತು ಎಂಬಷ್ಟೇ ಟಿಪ್ಪಣಿ. ನೀವು ಫೋಟೋ ತೆರೆದಾಗ ಯಂತ್ರ ಅದನ್ನು ಹೊಸದಾಗಿ ಕಟ್ಟಿ ತೋರಿಸುತ್ತದೆ. ಮಾಸುವುದಿಲ್ಲ, ಹರಿಯುವುದಿಲ್ಲ, ಕಳೆಯುವುದಿಲ್ಲ. ಸಂಸ್ಥೆಯ ಗಾಡಿ ಓಣಿ ಓಣಿಗೆ ಬಂದು ಹಳೆಯ ಹಾರ್ಡ್ ಡಿಸ್ಕ್, ಪೆನ್‌ಡ್ರೈವ್, ಸಿ.ಡಿ.ಗಳನ್ನೆಲ್ಲ ಒಯ್ದಿತ್ತು. ಜನ ಮನೆ ಹಗುರಾಯಿತೆಂದು ಕೊಟ್ಟಿದ್ದರು. ಮಧುಮತಿಯೂ ಕೊಟ್ಟಿದ್ದಳು. ಗೋಡೆಯ ಮೇಲಿದ್ದ ಇಂಪನಾಳ ಕಾಗದದ ಫೋಟೋಕ್ಕೆ ಗೆದ್ದಲು ಹತ್ತಿದಾಗ ಮಲ್ಲಿನಾಥ ಅದನ್ನು ತೆಗೆದು, ಚಿರಪಟಕ್ಕೆ ಜೋಡಿಸಿದ ಪರದೆಯ ಚೌಕಟ್ಟು ಹಾಕಿಸಿದ್ದ.

ಮುಂದಿನ ವಾರ ಮಧುಮತಿ ಪಂಚಮಿಯ ಫೋಟೋ ತೆರೆದಳು. ಹಿತ್ತಲಿನ ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿಯಲ್ಲಿ ಇಬ್ಬರೂ ಹುಡುಗಿಯರು ಒಬ್ಬರಿಗೊಬ್ಬರು ಒತ್ತಿ ಕೂತ ಫೋಟೋ. ಈಗ ಅದರಲ್ಲಿ ಇಂಚರಾ ಒಬ್ಬಳೇ ಕೂತಿದ್ದಳು. ಹಲಗೆಯ ಅರ್ಧ ಖಾಲಿ. ಅದರ ಹಿಂದೆ ಗೋಡೆ, ಗೋಡೆಗೆ ಬಳಿದ ಸುಣ್ಣ, ಸುಣ್ಣದ ಮೇಲೆ ಬೇವಿನ ಎಲೆಗಳ ನೆರಳು. ಎಲ್ಲ ಇದ್ದಂತೆಯೇ, ಯಾರೂ ಅಲ್ಲಿ ಎಂದೂ ಕೂತಿರಲಿಲ್ಲವೆಂಬಂತೆ.

ಅವಳು ಪಡಸಾಲೆಗೆ ಓಡಿಬಂದು ಗೋಡೆಯ ಚೌಕಟ್ಟು ನೋಡಿದಳು. ಹಾರದೊಳಗಿಂದ ಎಂಟೊಂಬತ್ತು ವರ್ಷದ ಇಂಚರಾ ಹಲ್ಲು ತೋರಿಸಿ ನಗುತ್ತಿದ್ದಳು. ಮಧುಮತಿ ಹಾರ ಕಿತ್ತು ಕೆಳಗೆ ಹಾಕಿದಳು.

*

ಊರ ಹೊರಗಿನ ಚಿರಪಟ ಕೇಂದ್ರದಲ್ಲಿ ಫರ್ಹಾನಾ ಸವಣೂರ ಕೆಲಸ ಮಾಡುತ್ತಿದ್ದಳು. ಕನ್ನಡ ಶಾಲೆಯಲ್ಲಿ ಅವಳಿಗಳ ಜೊತೆ ಒಂದೇ ಬೆಂಚಿನ ಮೇಲೆ ಕೂತು ಕಲಿತವಳು. ಮಧುಮತಿಯ ಮಾತು ಫೋನಿನಲ್ಲಿ ಕೇಳಿದ ಮೇಲೆ ಅವಳು ನಿಯಂತ್ರಣ ಕೊಠಡಿಯ ತಣ್ಣನೆಯ ಗಾಳಿಯಲ್ಲಿ ಶಾಲು ಹೊದ್ದು, ಹಂಪಿಹೊಳಿ ಮನೆತನದ ಕಡತ ತೆರೆದಳು. ಮೂಲಮುಖಗಳ ಸಾಲಿನಲ್ಲಿ ಮಲ್ಲಿನಾಥ ಇದ್ದ, ಮಧುಮತಿ ಇದ್ದಳು, ಅಜ್ಜಿ ಇದ್ದಳು. ಮಗಳು ಒಬ್ಬಳೇ ಇದ್ದಳು.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಜಾಗ ಉಳಿಸಲೆಂದು ಇತ್ತೀಚೆಗೆ ಶೋಧಕ ಎಂಬ ಹೊಸ ಪ್ರೋಗ್ರಾಂ ಹಾಕಿದ್ದರು. ಒಂದೇ ಫೋಟೋ ಎರಡು ಸಲ ಇದ್ದರೆ ನಕಲನ್ನು ಅಳಿಸುವುದು ಅದರ ಕೆಲಸ. ಫೋಟೋಗಳ ನಕಲು ಮುಗಿದ ಮೇಲೆ ಅದು ಮೂಲಮುಖಗಳ ನಕಲು ಹುಡುಕತೊಡಗಿತ್ತು. ಒಂದೇ ಮನೆಯಲ್ಲಿ, ಒಂದೇ ವಯಸ್ಸಿನ, ಒಂದೇ ತೆರನ ಎರಡು ಮುಖ. ಅದರಲ್ಲಿ ಒಂದಕ್ಕೆ ಹದಿನೈದು ವರ್ಷದಿಂದ ಹೊಸ ಫೋಟೋ ಬಂದಿಲ್ಲ. ಇದು ನಕಲು ಎಂದು ಶೋಧಕ ತೀರ್ಮಾನಿಸಿತ್ತು. ಮೊದಲು ಎರಡೂ ಮುಖಗಳನ್ನು ಒಂದು ಮಾಡಿತ್ತು, ಆಮೇಲೆ ಒಂದನ್ನು ತೆಗೆದಿತ್ತು.

ಫರ್ಹಾನಾ ತನ್ನ ನಾಲ್ಕನೇ ಇಯತ್ತೆಯ ಫೋಟೋ ತೆರೆದಳು. ತನ್ನ ಎಡಕ್ಕೆ ಇಂಚರಾ ಇದ್ದಳು. ಬಲಕ್ಕೆ ಯಾರೂ ಇರಲಿಲ್ಲ. ಗಾಳಿಯನ್ನು ತಬ್ಬಿಕೊಂಡಂತೆ ಅವಳ ಬಲಗೈ ಸುಮ್ಮನೆ ಮೇಲೆದ್ದಿತ್ತು.

ಅವಳು ಕೇಂದ್ರದ ಮುಖ್ಯಸ್ಥ ಸತ್ಯಧ್ಯಾನ ಜಾಗೀರದಾರರ ಕೋಣೆಗೆ ಹೋದಳು. ಅವರು ಸಮಾಧಾನದಿಂದ ಕೇಳಿಸಿಕೊಂಡರು.

"ಅವಳಿ ಜವಳಿ ಎಷ್ಟು ಮಂದಿ ಇರ್ತಾರ್ರೀ? ಭಾಳ ಸಣ್ಣ ಸಂಖ್ಯಾ ಅದು."

"ಬರೇ ಅವಳಿ ಅಲ್ರಿ ಸರ್. ನಮ್ಮ ಕಡೆ ಸೋದರಮಾವಗ, ಅತ್ತಿ ಮಗಗ ಕೊಟ್ಟು ತಂದು ಮಾಡ್ಯಾರ. ಮನಿಮಂದಿ ಮುಖಾ ಎಲ್ಲಾ ಒಂದ ನಮೂನಿ. ಅಜ್ಜಿ ಸಣ್ಣಾಕಿ ಇದ್ದಾಗಿನ ಫೋಟೋ, ಮೊಮ್ಮಗಳ ಫೋಟೋ ಎರಡೂ ಒಂದ ಅಂತ ಅದು ತಿಳಕೊಳ್ಳಾಕತ್ತೈತಿ. ಸತ್ತವರು ಹೊಂಟಾರ್ರಿ, ಒಬ್ಬೊಬ್ಬರಾಗಿ."

"ದೂರು ಎಷ್ಟು ಬಂದಾವ?"

"ಇದೊಂದ ಬಂದೈತ್ರಿ."

"ಮತ್ತ?" ಜಾಗೀರದಾರರು ಕೈ ಚೆಲ್ಲಿದರು. "ಯಾರಿಗೂ ತ್ರಾಸ ಆಗಿಲ್ಲ ಅಂದಂಗಾತು."

"ಇಲ್ಲದಿರೋದು ಯಾರ ಕಣ್ಣಿಗೆ ಬೀಳತೈತ್ರಿ ಸರ್? ನಿಮ್ಮ ಮನೀದ ಒಂದು ಫೋಟೋ ತಗದು ನೋಡ್ರಿ."

ಅವಳ ಬಾಯಿ ಮುಚ್ಚಿಸಲೆಂದೇ ಅವರು ಫೋನಿನಲ್ಲಿ ತಮ್ಮ ಮುಂಜಿವೆಯ, ಉಪನಯನದ ದಿನದ ಫೋಟೋ ತೆರೆದರು. ಅಪ್ಪ, ಅವ್ವ, ಸಾಲಾಗಿ ನಿಂತ ಮೂವರು ಹುಡುಗರು. ನೋಡುತ್ತ ನೋಡುತ್ತ ಅವರ ಬೆರಳು ಪರದೆಯ ಮೇಲೆ ನಿಂತಿತು.

"ನಾವು ಅಣ್ಣತಮ್ಮಂದಿರು ನಾಲ್ಕು ಮಂದಿ," ಎಂದರು. ಮತ್ತೊಮ್ಮೆ ಎಣಿಸಿದರು. ಹಣೆ ಒರೆಸಿಕೊಂಡರು. "ಅಲ್ಲ, ಮೂರ ಇರಬೇಕು. ಮೂರ ಮಂದಿ ಇದ್ದಿವಿ," ಎಂದು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು.

ಫರ್ಹಾನಾ ಹೊರಗೆ ಬಂದಳು.

*

ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದ ಇಂಚರಾ ರಜೆ ಹಾಕಿ ಮನೆಗೆ ಬಂದಾಗ ಅವ್ವ ಊಟ ಬಿಟ್ಟು ಕೂತಿದ್ದಳು. ಕಂಪ್ಯೂಟರಿನಲ್ಲಿ ಜೋಕಾಲಿಯ ಫೋಟೋ ತೆರೆದೇ ಇತ್ತು.

"ಇದರಾಗ ಇಂಪನಾ ಇಲ್ಲ ನೋಡ," ಎಂದಳು ಮಧುಮತಿ.

ಇಂಚರಾ ಬಗ್ಗಿ ನೋಡಿದಳು. "ಇದರಾಗ ಆಕಿ ಎಲ್ಲಿದ್ದಳವ್ವ? ನಾ ಒಬ್ಬಾಕೇ ಅಲ್ಲೇನು ಕುಂತಿದ್ದು? ನೀ ಹಿಂದಿಂದ ತೂಗಿದಿ. ಹಲಗಿ ಅಗಲ ಆಗಿ ನಂಗ ಹೆದರಿಕಿ ಬಂದಿತ್ತು."

ಮಧುಮತಿ ಮಗಳ ಮುಖವನ್ನೇ ನೋಡಿದಳು. ಇಂಚರಾ ಸುಳ್ಳು ಹೇಳುತ್ತಿರಲಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ತಂಗಿಯನ್ನು ಕಳೆದುಕೊಂಡವಳಿಗೆ ಅವಳ ನೆನಪೆಂದರೆ ಮುಂದೆ ಸಾವಿರ ಸಲ ನೋಡಿದ ಫೋಟೋಗಳೇ. ಫೋನಿನ ಪರದೆಯಲ್ಲಿ ದಿನವೂ ಬಂದು ಹೋಗುವ ಆ ಫೋಟೋಗಳು ಬದಲಾದಂತೆ, ಅವಳಿಗೆ ಗೊತ್ತಾಗದಂತೆಯೇ, ನೆನಪೂ ಬದಲಾಗಿತ್ತು. ಇಂಪನಾ ಎಂಬ ತಂಗಿಯಿದ್ದಳು, ಸತ್ತಳು ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಅದು ಪಾಠ ಓದಿ ಗೊತ್ತಾದ ಸಂಗತಿಯಂತಿತ್ತು.

"ನಿಮಗರ ನೆನಪೈತೋ ಇಲ್ಲೋ?" ಎಂದು ಮಧುಮತಿ ಗಂಡನನ್ನು ಕೇಳಿದಳು.

ಮಲ್ಲಿನಾಥ ಕಿಟಕಿಯಾಚೆ ನೋಡಿದ. "ಹೆಸರು ನೆನಪೈತಿ. ಜ್ವರ ನೆನಪೈತಿ. ಮುಖಾ ಅಂದ್ರ... ಇಂಚರಾನ ಮುಖಾನ ಬರತೈತಿ ಮಧು. ಏನ್ ಮಾಡ್ಲಿ?"

ಅಂದೇ ಮಧುಮತಿ ಸ್ಕ್ರ್ಯಾಪ್‌ಬುಕ್ ಮಾಡುವ ಹೆಂಗಸರ ಬಳಗಕ್ಕೆ ಒಂದು ಸಂದೇಶ ಹಾಕಿದಳು. ನನ್ನ ಹಳೆಯ ಕಸೂತಿ ಕಿಟ್‌ಗಳು ಅಂತರ್ಜಾಲದಲ್ಲಿ ಉಳಿದಿಲ್ಲ, ಯಾರಾದರೂ ಇನ್ನೂ ಇಟ್ಟುಕೊಂಡಿದ್ದೀರಾ? ಚಿರಪಟದಲ್ಲಲ್ಲ, ಸ್ವಂತ ಡಿಸ್ಕಿನಲ್ಲಿ? ಅದರಲ್ಲಿ ನನ್ನ ಮಕ್ಕಳ ಫೋಟೋ ಇರುವ ಮಾದರಿ ಪುಟಗಳಿವೆ. ಡಿಸ್ಕನ್ನೇ ಚಿರಪಟದ ಗಾಡಿಗೆ ಕೊಟ್ಟುಬಿಟ್ಟೆವೆಂದು ಒಬ್ಬೊಬ್ಬರೇ ಬರೆದರು. ಒಬ್ಬಾಕೆ ಹಳೆಯ ಪೆನ್‌ಡ್ರೈವ್ ಹುಡುಕಿದಳು, ಆದರೆ ಅದು ತೆರೆಯಲಿಲ್ಲ. ಕೊನೆಗೆ ಬಾಗಲಕೋಟೆಯಿಂದ ಶರಾವತಿಬಾಯಿ ಕಟ್ಟಿಮನಿ ಎಂಬ ನಿವೃತ್ತ ಚಿತ್ರಕಲಾ ಶಿಕ್ಷಕಿ ಫೋನ್ ಮಾಡಿದರು.

"ನನ್ನ ಕಡೆ ಅದಾವ ನೋಡವಾ. ಗಾಡಿಯವರು ಬಂದಾಗ ನಾ ಬಾಗ್ಲಾ ತಗೀಲಿಲ್ಲ. ಮಕ್ಕಳ ಫೋಟೋ ಅಂದಮ್ಯಾಲೆ ಒಂದು ಡಿಸ್ಕ್ ಮನ್ಯಾಗ, ಒಂದು ಮಗಳ ಮನ್ಯಾಗ, ಒಂದು ಲಾಕರಿನಾಗ. ವರ್ಷಕ್ಕೊಮ್ಮೆ ತಗದು ಹೊಸಾ ಡಿಸ್ಕಿಗೆ ಹಾಕತೇನಿ. ನನ್ನ ಮಗಗ ನಗಿ ಬರತೈತಿ. ಬರಲಿ."

ತಾಯಿ, ಮಗಳು, ಫರ್ಹಾನಾ ಮೂವರೂ ಬಾಗಲಕೋಟೆಗೆ ಹೋದರು. ಚಿರಪಟದ ಕೈಗೆ ಸಿಗದಂತೆ, ಅಂತರ್ಜಾಲಕ್ಕೆ ಜೋಡಿಸದ ಹಳೆಯ ಕಂಪ್ಯೂಟರಿನಲ್ಲೇ ತೆರೆಯಬೇಕೆಂದು ಫರ್ಹಾನಾ ಹೇಳಿದ್ದಳು. ಫೋನುಗಳನ್ನು ಹೊರಗಿನ ಕಟ್ಟೆಯ ಮೇಲೆ ಇಡಿಸಿದಳು. ಶರಾವತಿಬಾಯಿ ಅಲ್ಮಾರಿಯಿಂದ ಅರಿವೆಯಲ್ಲಿ ಸುತ್ತಿದ ಡಿಸ್ಕ್ ತಂದು ಹಚ್ಚಿದರು. ಪಂಚಮಿ ಎಂಬ ಹೆಸರಿನ ಮಾದರಿ ಪುಟ ತೆರೆಯಿತು. ಕೆಂಪು ಎಳೆಯ ಗೋಪುರಗಳ ಅಂಚು. ಒಳಗೆ ಜೋಕಾಲಿ. ಜೋಕಾಲಿಯಲ್ಲಿ ಇಬ್ಬರು ಹುಡುಗಿಯರು. ಒಬ್ಬಳು ನಗುತ್ತಿದ್ದಳು. ಇನ್ನೊಬ್ಬಳು ಗಲ್ಲ ಉಬ್ಬಿಸಿ, ಹುಬ್ಬು ಗಂಟು ಹಾಕಿ ದುರುಗುಟ್ಟಿದ್ದಳು.

ಮಧುಮತಿ ಮುಂದೆ ಬಗ್ಗಿದಳು. ಪರದೆಯ ಮೇಲೆ ಅಂಗೈ ಇಟ್ಟು ಹಾಗೆಯೇ ನಿಂತಳು.

"ಇಷ್ಟು ಸಿಟ್ಟಿನಾಕಿ ಇದ್ದಳೇನವ್ವ?" ಎಂದ ಇಂಚರಾ ಮರುಕ್ಷಣವೇ ಅಳತೊಡಗಿದಳು. "ನಾ ಒಬ್ಬಾಕೇ ಕುಂತಿದ್ದು ನಂಗ ನೆನಪೈತಿ. ಖರೇನ ನೆನಪೈತಿ. ಈಗೂ ಹಂಗ ನೆನಪೈತಿ."

*

ಆ ಪುಟದ ಒಂದು ಪ್ರತಿಯನ್ನು ಮಧುಮತಿ ಮನೆಗೆ ತಂದಳು. ಇನ್ನೊಂದನ್ನು ಫರ್ಹಾನಾ ಕೇಂದ್ರಕ್ಕೆ ಒಯ್ದಳು. ಜಾಗೀರದಾರರು ಅದನ್ನು ನೋಡಲಿಲ್ಲ. ಮುಂಜಿವೆಯ ಫೋಟೋ ನೋಡಿದಂದಿನಿಂದ ಅವರು ಯಾವ ಫೋಟೋವನ್ನೂ ನೋಡುತ್ತಿರಲಿಲ್ಲ. "ನಂಗೇನೂ ಗೊತ್ತಿಲ್ಲ. ನೀವು ಮಾಡೂದು ಮಾಡ್ರಿ," ಎಂದು ಕುರ್ಚಿಯನ್ನು ಗೋಡೆಗೆ ತಿರುಗಿಸಿದರು.

ಫರ್ಹಾನಾ ಹಂಪಿಹೊಳಿ ಮನೆತನದ ಕಡತದಲ್ಲಿ ಹೊಸ ಮೂಲಮುಖ ಸೇರಿಸಿದಳು. ಸಿಟ್ಟಿನ ಆ ಚಿಕ್ಕ ಮುಖವನ್ನು ಕತ್ತರಿಸಿ ಹಾಕಿ, ಇದು ನಕಲಲ್ಲ, ಬೇರೆ ವ್ಯಕ್ತಿ, ಹೆಸರು ಇಂಪನಾ ಎಂದು ತುಂಬಿದಳು. ಮರಣದ ದಿನಾಂಕ ತುಂಬಲು ಜಾಗ ಹುಡುಕಿದಳು, ಸಿಗಲಿಲ್ಲ. ಚಿರಪಟದಲ್ಲಿ ಅಂಥ ಜಾಗವೇ ಇರಲಿಲ್ಲ. ಅವಳು ಕ್ಷಣಹೊತ್ತು ತಡೆದು, ಗುಂಡಿ ಒತ್ತಿದಳು. ನಂತರ ಅದೇ ರೀತಿ ಇನ್ನೂ ಎಷ್ಟೋ ಮನೆಗಳ ಮೂಲಮುಖಗಳು ಬೆಸೆದುಹೋಗಿದ್ದನ್ನು ಕಂಡು, ಅವರೆಲ್ಲರ ಬಳಿ ಹಳೆಯ ಡಿಸ್ಕ್ ಎಲ್ಲಿಂದ ಬರಬೇಕೆಂದು ಯೋಚಿಸುತ್ತ ಕೂತಳು.

ಮರುದಿನ ಬೆಳಿಗ್ಗೆ ಮಧುಮತಿ ಒಲೆಯ ಮೇಲೆ ಚಹಾ ಇಟ್ಟಿದ್ದಳು. ಪಡಸಾಲೆಯಿಂದ ಮಲ್ಲಿನಾಥನ ದನಿ ಬಂತು.

"ಮಧೂ. ಇಲ್ಲೆ ಬಾ."

ಅವನು ಗೋಡೆಯ ಚೌಕಟ್ಟಿನ ಮುಂದೆ ನಿಂತಿದ್ದ. ಅದರಲ್ಲಿದ್ದವಳು ಒಂಬತ್ತು ವರ್ಷದ ಹುಡುಗಿಯಲ್ಲ. ಇಪ್ಪತ್ತನಾಲ್ಕರ ಹೆಣ್ಣುಮಗಳು, ಇಳಕಲ್ ಸೀರೆ ಉಟ್ಟಿದ್ದಳು, ಗಲ್ಲ ತುಸು ಉಬ್ಬಿಸಿ, ಹುಬ್ಬು ಗಂಟು ಹಾಕಿ, ಫೋಟೋ ತೆಗೆಯುವುದು ಯಾವಾಗ ಮುಗಿಯುತ್ತದೆ ಎಂಬಂತೆ ಎದುರಿಗೆ ನೋಡುತ್ತಿದ್ದಳು.

ಮಧುಮತಿ ಫೋನ್ ತೆಗೆದಳು. ಜೋಕಾಲಿಯಲ್ಲಿ ಇಬ್ಬರೂ ಇದ್ದರು. ಅಲ್ಲಿಗೆ ನಿಂತಿರಲಿಲ್ಲ. ಇಂಚರಾಳ ಮೊದಲ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಹನ್ನೆರಡರ ಇಂಪನಾ ಕೂತಿದ್ದಳು. ಹತ್ತನೇ ಇಯತ್ತೆ ಪಾಸಾದ ದಿನ ಅಕ್ಕನ ಬಾಯಿಗೆ ಪೇಢಾ ಇಡುತ್ತಿದ್ದಳು. ಹೋದ ತಿಂಗಳು ಗದಗದಲ್ಲಿ ನಡೆದ ನಿಶ್ಚಿತಾರ್ಥದಲ್ಲಿ ಇಂಚರಾ ಮತ್ತು ಅವಳ ವರ ಅಭಿನಂದನನ ಪಕ್ಕ, ಕೈ ಕಟ್ಟಿಕೊಂಡು, ಮುಖ ಸಿಂಡರಿಸಿ ನಿಂತಿದ್ದಳು.

ಫರ್ಹಾನಾ ಫೋನಿನಲ್ಲಿ ಅಳುವ ದನಿಯಲ್ಲಿ ಹೇಳಿದಳು. "ಕಾಕು, ಸಣ್ಣವರಿದ್ದಾಗಿನ ಫೋಟೋದಾಗ ಇಬ್ಬರೂ ಯಾವಾಗ್ಲೂ ಕೂಡೇ ಅದಾರ್ರಿ. ಅದಕ್ಕ ಒಬ್ಬಾಕಿ ಇದ್ದಲ್ಲೆ ಇನ್ನೊಬ್ಬಾಕಿ ಇರಬೇಕು, ಇಲ್ಲಂದ್ರ ಫೋಟೋ ಹಾಳಾಗೇತಿ ಅಂತ ಅದು ತಿಳಕೊಂಡೈತಿ. ಹಾಳಾದದ್ದನ್ನ ರಿಪೇರಿ ಮಾಡೇತಿ. ಸಾವು ಅನ್ನೂದು ಅದಕ್ಕ ಗೊತ್ತಿಲ್ರಿ. ತಗದುಬಿಡಲೇನ್ರಿ?"

"ತಗದ್ರ ಏನಾಗತೈತಿ?"

"ಮೊದಲಿನಂಗ ಆಗತೈತ್ರಿ. ಜೋಕಾಲ್ಯಾಗೂ ಇರೂದಿಲ್ಲ. ಬಾಗಲಕೋಟಿಯ ಆ ಒಂದು ಪುಟ ಅಷ್ಟ ಖರೇದು ನಿಮ್ಮ ಕಡೆ ಉಳಿತೈತಿ."

ಮಲ್ಲಿನಾಥ ಎರಡೂ ಕೈಗಳಿಂದ ಚೌಕಟ್ಟು ಹಿಡಿದು ನಿಂತಿದ್ದ. ಮಗಳು ಸತ್ತಾಗ ಅಳದಿದ್ದ ಮನುಷ್ಯ ಹೆಗಲು ಕುಣಿಸಿ ಅಳುತ್ತಿದ್ದ. "ತಗಿ ಅನ್ನಬ್ಯಾಡ ಮಧು," ಎಂದ. "ಮುಖಾ ಈಗ ನೆನಪಿಗೆ ಬರಾಕತ್ತೈತಿ."

ಇಂಚರಾ ಕೋಣೆಯಿಂದ ಬಂದು ನೋಡಿದಳು. ಬಹಳ ಹೊತ್ತು ನೋಡಿ, ಹಿಂದೆ ಸರಿದಳು. "ಅವ್ವಾ, ಅದು ಆಕಿ ಅಲ್ಲ. ನನ್ನ ಮುಖಕ್ಕ ಸಿಟ್ಟು ಹಚ್ಚ್ಯಾರ ಅಷ್ಟ. ತಗಸು."

ಮಧುಮತಿಗೆ ಅದು ಗೊತ್ತಿತ್ತು. ಆದರೂ ನಿಶ್ಚಿತಾರ್ಥದ ಫೋಟೋವನ್ನು ಎರಡು ಬೆರಳಿನಿಂದ ಅಗಲಿಸಿದಳು. ಆ ಗಂಟು ಹುಬ್ಬು ಅವಳದ್ದೇ. ವಯಸ್ಸು ಬಂದಿದ್ದರೆ ಹೀಗೆಯೇ ಬರುತ್ತಿತ್ತು. ಕೂದಲು ಹೀಗೆಯೇ ಬಾಚಿಕೊಳ್ಳುತ್ತಿದ್ದಳೇನೋ.

"ಮದುವಿ ಮುಗಿಯೂತನಾ ಇರಲಿ," ಎಂದಳು.

*

ಮದುವೆ ಗದಗದ ಕಲ್ಯಾಣ ಮಂಟಪದಲ್ಲಾಯಿತು. ಕ್ಯಾಮೆರಾದವರು ತೆಗೆದದ್ದೆಲ್ಲ ನೇರ ಚಿರಪಟಕ್ಕೆ ಹೋಗಿ, ಅಲ್ಲಿಂದ ವೇದಿಕೆಯ ಪಕ್ಕದ ದೊಡ್ಡ ಪರದೆಯ ಮೇಲೆ ಮೂಡುತ್ತಿತ್ತು. ಅಕ್ಷತೆ ಬೀಳುವಾಗ ವೇದಿಕೆಯ ಮೇಲೆ ಇಂಚರಾಳ ಎಡಕ್ಕೆ ಯಾರೂ ಇರಲಿಲ್ಲ. ಪರದೆಯ ಮೇಲೆ ಇಂಪನಾ ಇದ್ದಳು. ತವರಿನ ಕಡೆಯ ಕೆಲವರು ಮೊದಲು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಾಕೆ ಎದೆಗೆ ಕೈ ಒತ್ತಿಕೊಂಡು ಹೊರಗೆ ಹೋದಳು. ಊಟದ ಹೊತ್ತಿಗೆ ಯಾರೂ ಏನೂ ಕೇಳುತ್ತಿರಲಿಲ್ಲ. ಮಂಟಪದ ಬಾಗಿಲಲ್ಲಿ ನಿಂತ ಫರ್ಹಾನಾ ಮಾತ್ರ ಪರದೆಯ ಕಡೆಗೆ ಬೆನ್ನು ಮಾಡಿದ್ದಳು.

ಮಧ್ಯಾಹ್ನ ಜನ ಕರಗಿದ ಮೇಲೆ ಮಧುಮತಿ ಕಾಲು ನೀಡಿ ಕುರ್ಚಿಯ ಮೇಲೆ ಕೂತಳು. ಬೆಳಗಿನಿಂದ ಫೋನಿನಲ್ಲಿ ಅರಿಶಿಣದ, ಮದುವೆಯ ಫೋಟೋಗಳನ್ನೇ ಸರಿಸುತ್ತಿದ್ದ ಅಭಿನಂದನನ ಸೋದರತ್ತೆ ಕಸ್ತೂರೆವ್ವ ಬಂದು ಪಕ್ಕಕ್ಕೆ ಕೂತು, ಎಲೆಗೆ ಸುಣ್ಣ ಹಚ್ಚುತ್ತ ಹೇಳಿದಳು.

"ಬೀಗತ್ಯಾರ, ನಿಮ್ಮ ಸಣ್ಣ ಮಗಳು ಭಾಳ ಛಲೋ ಅದಾಳ ನೋಡ್ರಿ. ಮುಖಾ ಅಷ್ಟ ಸಿಟ್ಟಿಂದು, ಮಾತು ಮೆತ್ತಗ. ನಿನ್ನೆ ಅರಿಶಿಣದಾಗ ನನ್ನ ಬಾಜೂಕ ಕುಂತು ಎಷ್ಟೊತ್ತು ಮಾತಾಡಿದಳು. ಮನಸಿಗೆ ಭಾಳ ಹಿತ ಆತು."

ಮಧುಮತಿ ಅವಳತ್ತ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದಳು. ಕಸ್ತೂರೆವ್ವಳ ಮುಖದಲ್ಲಿ ಕಪಟವಿರಲಿಲ್ಲ. ನಿಜವಾಗಿ ಕಂಡು ಮಾತಾಡಿದವರ ನೆನಪು ಅಲ್ಲಿತ್ತು. ವೇದಿಕೆಯ ಮೇಲಿಂದ ಇಂಚರಾ ಹೂವಿನ ಹಾರದ ಸಂದಿಯಿಂದ ಅವ್ವನನ್ನೇ ನೋಡುತ್ತಿದ್ದಳು.

ಮಧುಮತಿ ಮಗಳತ್ತ ನೋಡಲಿಲ್ಲ. ಕುರ್ಚಿಯನ್ನು ಕಸ್ತೂರೆವ್ವಳ ಹತ್ತಿರಕ್ಕೆ ಎಳೆದುಕೊಂಡಳು.

"ಏನಂದಳ್ರಿ ಆಕಿ?" ಎಂದು ಕೇಳಿದಳು.